ಹೊಸ್ತಿಲ ಹೊರಗೆ ನಿಂತ ರೋಬೋ

ನಮ್ಮನೆ ಗೇಟಿನಿಂದ ಬಾಗಿಲಿಗೆ ಹನ್ನೆರಡು ಹೆಜ್ಜೆ. ಬೆಳಗ್ಗೆ ಹಾಲಿನ ಪ್ಯಾಕೆಟ್ ತರೋಕೆ ಅಷ್ಟು ನಡೆಯೋದು ತಪ್ಪಲಿ ಅಂತ ರೋಬೋ ಕಟ್ಟಲು ಕೂತವನು, ಮೂರು ತಿಂಗಳಲ್ಲಿ ಎಷ್ಟು ಸಲ ಅಂಗಡಿಗೆ ಅಲೆದೆನೋ ಲೆಕ್ಕ ಇಟ್ಟಿಲ್ಲ. ಪ್ಲಾನ್ ಸರಳವಾಗಿತ್ತು. ರಾತ್ರಿ ಅದನ್ನು ಗೇಟಿನ ಹತ್ತಿರ ನಿಲ್ಲಿಸಬೇಕು. ಹಾಲಿನ ಹುಡುಗ ಅದರ ತಟ್ಟೆಗೇ ಪ್ಯಾಕೆಟ್ ಇಟ್ಟು ಹೋಗುತ್ತಾನೆ, ನಾನು ಹಾಸಿಗೆಯಲ್ಲೇ ಮಲಗಿ ಫೋನಿನಿಂದ ಓಡಿಸಿಕೊಂಡು ಬರುತ್ತೇನೆ.

ಮೊದಲ ಸಲ ಹಾಕಿದ್ದು ಎಲ್ಲರೂ ಹಾಕೋ ಹಳದಿ ಪ್ಲಾಸ್ಟಿಕ್ ಮೋಟಾರು. ಅಂಗಡಿಯಲ್ಲಿ ಬಿಓ ಮೋಟಾರ್ ಅಂದರೆ ಸಾಕು, 65 ಮಿ.ಮೀ. ಗಾಲಿ ಜೊತೆಗೇ ಕೊಡುತ್ತಾರೆ. ಊಟದ ಟೇಬಲ್ ಮೇಲೆ ರೋಬೋ ಜಿಂಕೆ ಥರ ಓಡಿತು. ಅಂಗಳಕ್ಕೆ ಬಿಟ್ಟೆ. ಸ್ಕೂಟರ್ ಹತ್ತಿಸೋಕೆ ಮಾಡಿರೋ ಸಿಮೆಂಟ್ ಇಳಿಜಾರಿನ ಬುಡಕ್ಕೆ ಬಂತು, ಕುಯ್ ಅಂತು, ನಿಂತಿತು. ಮುಟ್ಟಿ ನೋಡಿದರೆ ಮೋಟಾರ್ ಬಿಸಿ.

ತಪ್ಪು ನನ್ನದೇ. ಎಷ್ಟು ಆರ್‌ಪಿಎಂ ಬೇಕು ಅಂತ ಅಂಗಡಿಯವರು ಕೇಳಿದಾಗ, ಜಾಸ್ತಿ ಇರೋದು ಕೊಡಿ ಅಂದಿದ್ದೆ. ಆರ್‌ಪಿಎಂ ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಅಂತ ಅಷ್ಟೇ, ಭಾರ ಎಳೆಯೋ ತಾಕತ್ತು ಬೇರೆ. ಅದಕ್ಕೆ ಟಾರ್ಕ್ ಅಂತಾರೆ, ಅಂಗಡಿಯಲ್ಲಿ ಅದನ್ನು ಅಳೆಯೋದು ಕೆ.ಜಿ.-ಸೆಂ.ಮೀ. ಲೆಕ್ಕದಲ್ಲಿ. ಬಾವಿಯಿಂದ ನೀರು ಸೇದೋ ಉರುಳೆ ನೆನಪಿಸಿಕೊಳ್ಳಿ. ಉರುಳೆಯ ತ್ರಿಜ್ಯ 1 ಸೆಂ.ಮೀ., ಹಗ್ಗದ ತುದಿಯಲ್ಲಿ 1 ಕೆ.ಜಿ. ಭಾರ, ಅದನ್ನು ಜಾರದಂತೆ ಹಿಡಿದು ನಿಲ್ಲಿಸೋಕೆ ಬೇಕಾದ ತಿರುಚು ಬಲವೇ 1 ಕೆ.ಜಿ.-ಸೆಂ.ಮೀ. ಉರುಳೆ ದಪ್ಪ ಮಾಡಿದರೆ ಅದೇ ಕೊಡಕ್ಕೆ ಜಾಸ್ತಿ ಬಲ ಬೇಕು. ಅಂದರೆ ಗಾಲಿ ದೊಡ್ಡದಾದಷ್ಟೂ ಮೋಟಾರಿಗೆ ಕಷ್ಟ. ಗಾಲಿ ಬಿಟ್ಟು ಮೋಟಾರ್ ಒಂದನ್ನೇ ಆರಿಸೋಕೆ ಆಗಲ್ಲ ಅನ್ನೋದು ಇದಕ್ಕೇ.

ಹಾಗಾದರೆ ನಮ್ಮ ರೋಬೋಗೆ ಎಷ್ಟು ಬೇಕು? ಸೈನು, ಕೊಸೈನು ಹಾಕಿ ಕಂಡುಹಿಡಿಯಬಹುದು. ನಾನು ಮಾಡಿದ್ದು ಇನ್ನೂ ಸುಲಭ. ಸೂಟ್‌ಕೇಸ್ ತೂಗೋ ನೇತಾಡುವ ತಕ್ಕಡಿ ಮನೆಯಲ್ಲಿತ್ತು. ಮೋಟಾರ್ ಬಿಚ್ಚಿ, ಗಾಲಿಗಳನ್ನು ಸುಮ್ನೆ ತಿರುಗೋ ಹಾಗೆ ಮಾಡಿ, ತಟ್ಟೆಯಲ್ಲಿ ಹಾಲಿನ ಪ್ಯಾಕೆಟ್ ಇಟ್ಟು, ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಇಳಿಜಾರಿನ ಮೇಲೆ ನಿಧಾನಕ್ಕೆ ಎಳೆದೆ. ಎಲ್ಲಾ ಸೇರಿ 2 ಕೆ.ಜಿ. ಭಾರ, ಸುಮಾರು 15 ಡಿಗ್ರಿ ಇಳಿಜಾರು. ತಕ್ಕಡಿ 600 ಗ್ರಾಂ ಆಸುಪಾಸಿನಲ್ಲಿ ನಿಂತಿತು. 0.6 ಕೆ.ಜಿ.ಯನ್ನು ಗಾಲಿಯ ತ್ರಿಜ್ಯ 3.25 ಸೆಂ.ಮೀ.ಯಿಂದ ಗುಣಿಸಿದರೆ ಹತ್ತಿರ ಹತ್ತಿರ 2 ಕೆ.ಜಿ.-ಸೆಂ.ಮೀ. ಎರಡು ಮೋಟಾರಿಗೆ ಹಂಚಿದರೆ ತಲಾ 1. ಹಳದಿ ಮೋಟಾರು 6 ವೋಲ್ಟಿನಲ್ಲಿ ಉಸಿರು ಬಿಗಿಹಿಡಿದು ನಿಂತಾಗ ಕೊಡೋದೇ ಸುಮಾರು 0.8. ಕುಯ್ ಅನ್ನದೆ ಇನ್ನೇನು ಅನ್ನುತ್ತೆ ಪಾಪ.

ಈ ‘ನಿಂತಾಗ’ ಅನ್ನೋ ಮಾತು ಮುಖ್ಯ. ಡಿಸಿ ಮೋಟಾರ್ ತಿರುಗುವಾಗ ಒಳಗೊಳಗೇ ಡೈನಮೋ ಥರವೂ ಕೆಲಸ ಮಾಡುತ್ತದೆ. ಬ್ಯಾಟರಿಗೆ ಎದುರಾಗಿ ತನ್ನದೇ ಒಂದಿಷ್ಟು ವೋಲ್ಟೇಜ್ ಹುಟ್ಟಿಸುತ್ತದೆ, ಅದರಿಂದ ಕರೆಂಟ್ ಹತೋಟಿಯಲ್ಲಿರುತ್ತದೆ. ಭಾರ ಹೆಚ್ಚಿ ವೇಗ ಇಳಿದಂತೆ ಈ ಎದುರು ವೋಲ್ಟೇಜ್ ಕಡಿಮೆಯಾಗುತ್ತಾ ಬರುತ್ತದೆ, ಕರೆಂಟ್ ಏರುತ್ತದೆ, ಪೂರ್ತಿ ನಿಂತರೆ ತಡೆಯೋಕೆ ತಂತಿಯ ರೆಸಿಸ್ಟೆನ್ಸ್ ಬಿಟ್ಟರೆ ಯಾರೂ ಇಲ್ಲ. ಆಗ ಟಾರ್ಕ್ ಅತಿ ಹೆಚ್ಚು, ಕರೆಂಟೂ ಅತಿ ಹೆಚ್ಚು, ಕೆಲಸ ಮಾತ್ರ ಸೊನ್ನೆ. ಎಲ್ಲಾ ಶಾಖವಾಗಿ ಹೋಗುತ್ತದೆ. ಇದೇ ಸ್ಟಾಲ್. ಬೇಕಾದದ್ದಕ್ಕಿಂತ ಮೂರು ನಾಲ್ಕು ಪಟ್ಟು ಸ್ಟಾಲ್ ಟಾರ್ಕ್ ಇರೋ ಮೋಟಾರ್ ತಗೊಂಡರೆ ಅದು ಆರಾಮಾಗಿ ಓಡುತ್ತದೆ.

ನನಗೆ ಬೇಕಾಗಿದ್ದು 1, ತಂದಿದ್ದು 4 ಕೆ.ಜಿ.-ಸೆಂ.ಮೀ.ದು. 12 ವೋಲ್ಟ್, 100 ಆರ್‌ಪಿಎಂ, ಲೋಹದ ಗೇರ್. ಇದೇ ಮಾದರಿ ಸಾವಿರ ಆರ್‌ಪಿಎಂಗೂ ಸಿಗುತ್ತದೆ, ಒಳಗಿನ ಮೋಟಾರ್ ಹೆಚ್ಚುಕಮ್ಮಿ ಅದೇ, ಮುಂದಿನ ಗೇರ್ ಡಬ್ಬಿ ಮಾತ್ರ ಬೇರೆ. ಸೈಕಲ್‌ನಲ್ಲಿ ದಿಬ್ಬ ಹತ್ತುವಾಗ ಗೇರ್ ಇಳಿಸುತ್ತೇವಲ್ಲ, ಹಾಗೆ. ವೇಗ ಕೊಟ್ಟು ಬಲ ಕೊಳ್ಳೋದು. 65 ಮಿ.ಮೀ. ಗಾಲಿ ಒಂದು ಸುತ್ತಿಗೆ 20.4 ಸೆಂ.ಮೀ. ಸಾಗುತ್ತದೆ. ಭಾರಕ್ಕೆ 100 ಆರ್‌ಪಿಎಂ 75ಕ್ಕೆ ಇಳಿದರೂ ಸೆಕೆಂಡಿಗೆ 25 ಸೆಂ.ಮೀ. ಸಿಗುತ್ತದೆ, ಹನ್ನೆರಡು ಹೆಜ್ಜೆಗೆ ಅರ್ಧ ನಿಮಿಷ ಸಾಕು. ನಿಧಾನ ಅಂತ ಮನೆಯಲ್ಲಿ ನಕ್ಕರು. 2023ರ ಆಗಸ್ಟಿನಲ್ಲಿ ಚಂದ್ರನ ಮೇಲೆ ಇಳಿದ ಇಸ್ರೋದ ಪ್ರಜ್ಞಾನ್ ರೋವರ್‌ಗೆ ಆರು ಗಾಲಿ, 26 ಕೆ.ಜಿ. ತೂಕ, ವೇಗ ಸೆಕೆಂಡಿಗೆ 1 ಸೆಂ.ಮೀ. ಅಂದಮೇಲೆ ಸುಮ್ಮನಾದರು.

ಹೊಸ ಮೋಟಾರಿಗೆ ಹಳೇ ಡ್ರೈವರ್ ಬೋರ್ಡ್, ಅಂದರೆ ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಹರಿಸೋ ಬೋರ್ಡ್, ಸಾಲುತ್ತಾ? ಮಲ್ಟಿಮೀಟರ್ ಇದ್ದರೆ ಒಂದು ನಿಮಿಷದ ಕೆಲಸ. ಮೋಟಾರಿನ ಎರಡು ವೈರ್ ತುದಿಗಳ ನಡುವೆ ರೆಸಿಸ್ಟೆನ್ಸ್ ಎಷ್ಟು ಓಮ್ ಅಂತ ಅಳೆಯಿರಿ. ಶಾಫ್ಟನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ನಾಲ್ಕೈದು ಸಲ ಅಳೆದು, ಅತಿ ಕಡಿಮೆ ಬಂದದ್ದನ್ನು ಹಿಡಿಯಿರಿ. 12 ವೋಲ್ಟಿಗೆ 4 ಓಮ್ ಬಂದರೆ ಸ್ಟಾಲ್ ಕರೆಂಟ್ 3 ಆಂಪಿಯರ್. ಎಲ್ಲರ ಮನೆಯಲ್ಲೂ ಬಿದ್ದಿರೋ ಎಲ್298 ಬೋರ್ಡ್ ಒಂದೊಂದು ಮೋಟಾರಿಗೆ ತಡೆಯೋದು 2 ಆಂಪಿಯರ್. ಸಾಲದ್ದಕ್ಕೆ 1 ಆಂಪಿಯರ್ ಹರಿದಾಗಲೇ ಸುಮಾರು 2 ವೋಲ್ಟ್ ತಾನೇ ನುಂಗಿ ಕೆಂಡ ಆಗುತ್ತದೆ. ಅಷ್ಟು ವೋಲ್ಟ್ ನುಂಗದ ಮಾಸ್ಫೆಟ್ ಅನ್ನೋ ಸ್ವಿಚ್‌ಗಳು ಇರೋ ಬೋರ್ಡ್ ತಗೊಳ್ಳಿ, ಆದರೆ ಚಿಕ್ಕ ಟಿಬಿ6612 ಬೇಡ, ಅದು ಸತತವಾಗಿ ತಡೆಯೋದು 1.2 ಆಂಪಿಯರ್ ಅಷ್ಟೇ. ಇನ್ನು ಆ ಚೌಕಾಕಾರದ 9 ವೋಲ್ಟ್ ಬ್ಯಾಟರಿಯನ್ನಂತೂ ಮೋಟಾರಿಗೆ ಹಾಕಲೇಬೇಡಿ. ಅದು ಸ್ಮೋಕ್ ಅಲಾರಂಗೆ ಸರಿ. ಮೋಟಾರ್ ಶುರುವಾಗುವಾಗ ವೋಲ್ಟೇಜ್ ಕುಸಿದು ರೋಬೋದ ಮಿದುಳಾದ ಆರ್ಡುಯಿನೋ ಬೋರ್ಡ್ ರೀಸೆಟ್ ಆಗುತ್ತಾ ಇರುತ್ತದೆ, ನೀವು ಕೋಡ್‌ನಲ್ಲಿ ತಪ್ಪು ಹುಡುಕುತ್ತಾ ಇರುತ್ತೀರಿ. ನಾನು ಎರಡು ರಾತ್ರಿ ಹುಡುಕಿದ್ದೇನೆ.

ಬಲ ಬಂತು, ಈಗ ಗಾಲಿ ಜಾರತೊಡಗಿತು! ಇಳಿಜಾರಿನಲ್ಲಿ ಸಣ್ಣ ಮರಳು. ಮೋಟಾರ್ ಎಷ್ಟೇ ತಿರುಚಿದರೂ ನೆಲಕ್ಕೆ ದಾಟೋದು ಹಿಡಿತ ಇದ್ದಷ್ಟೇ, ಹಿಡಿತ ಇರೋದು ಆ ಗಾಲಿಯ ಮೇಲೆ ಬಿದ್ದ ಭಾರಕ್ಕೆ ತಕ್ಕಷ್ಟು. ನನ್ನ ರೋಬೋದಲ್ಲಿ ಎರಡು ಗಾಲಿ ಹಿಂದೆ, ಮುಂದೆ ಒಂದು ಪುಟ್ಟ ಕ್ಯಾಸ್ಟರ್, ಅಂದರೆ ಎತ್ತ ಬೇಕಾದರೂ ಉರುಳೋ ಗುಂಡು. ಬ್ಯಾಟರಿಯನ್ನು ಜಾಗ ಇದೆ ಅಂತ ಕ್ಯಾಸ್ಟರ್ ಮೇಲೆ ಇಟ್ಟಿದ್ದೆ. ಹಾಗಾಗಿ ಅರ್ಧ ಭಾರ, ಅಂದರೆ 1 ಕೆ.ಜಿ., ಏನೂ ಎಳೆಯದ ಕ್ಯಾಸ್ಟರ್ ಪಾಲು. ಉಳಿದ 1 ಕೆ.ಜಿ.ಯಲ್ಲಿ ಮರಳಿನ ಮೇಲೆ ಅರ್ಧದಷ್ಟು ಹಿಡಿತ ಸಿಕ್ಕರೂ 500 ಗ್ರಾಂ ಆಯಿತು, ಬೇಕಾದ್ದು 600. ಬ್ಯಾಟರಿ, ತಟ್ಟೆ ಎರಡನ್ನೂ ಹಿಂದಕ್ಕೆ ಸರಿಸಿದೆ. ಒಂದು ಪೈಸೆ ಖರ್ಚಿಲ್ಲದೆ ಹತ್ತಿತು.

ನಾಲ್ಕು ಗಾಲಿಗೂ ಮೋಟಾರ್ ಹಾಕು, ಎಲ್ಲಾ ಸರಿಹೋಗುತ್ತೆ ಅಂತ ಒಬ್ಬ ಗೆಳೆಯ ಹೇಳಿದ್ದ. ಹತ್ತೋಕೆ ಒಳ್ಳೆಯದೇ, ತಿರುಗೋಕೆ ಅಲ್ಲ. ಎತ್ತಿನ ಗಾಡಿ ತಿರುಗೋದು ನೋಡಿದ್ದೀರಲ್ವಾ? ಒಂದು ಎತ್ತನ್ನು ಹಿಡಿದು ಇನ್ನೊಂದನ್ನು ಹೊಡೆದರೆ ಒಳಗಿನ ಗಾಲಿ ನಿಂತಲ್ಲೇ ನಿಂತು ಹೊರಗಿನದು ಸುತ್ತು ಬರುತ್ತದೆ. ಎರಡು ಗಾಲಿಯ ರೋಬೋದ ಗುಟ್ಟೂ ಅದೇ, ಸ್ಟೀರಿಂಗೇ ಬೇಡ. ನಾಲ್ಕು ಗಾಲಿ ಗಟ್ಟಿಯಾಗಿ ನೇರ ನಿಂತಿದ್ದರೆ ತಿರುಗುವಾಗ ಎಲ್ಲವೂ ಅಡ್ಡಕ್ಕೆ ಉಜ್ಜಿಕೊಂಡೇ ಹೋಗಬೇಕು. ಟೈಲ್ಸ್ ಮೇಲೆ ನಡೆಯುತ್ತದೆ, ಜಮಖಾನದ ಮೇಲೆ ಮೋಟಾರ್ ಸ್ಟಾಲ್. ಅಷ್ಟಕ್ಕೂ ಬೇಕೇ ಬೇಕು ಅಂದರೆ ರೋಬೋವನ್ನು ಉದ್ದ ಮಾಡಬೇಡಿ, ಅಗಲ ಮಾಡಿ. ಅಡ್ಡಡ್ಡ ಹೋಗೋ ಮೆಕಾನಮ್ ಗಾಲಿ ನೋಡೋಕೆ ಬಲು ಚೆಂದ. 1970ರ ದಶಕದಲ್ಲಿ ಸ್ವೀಡನ್ನಿನ ಬೆಂಗ್ಟ್ ಇಲಾನ್ ಮಾಡಿದ್ದು, ಅಂಚಿನಲ್ಲಿ 45 ಡಿಗ್ರಿ ಓರೆಗೆ ಜೋಡಿಸಿದ ಉರುಳೆಗಳು. ನುಣ್ಣನೆ ನೆಲಕ್ಕೆ ಸರಿ, ನಮ್ಮ ಅಂಗಳದ ಮರಳಿಗಲ್ಲ.

ಇನ್ನೊಂದು ಕಾಟ ಉಳಿದಿತ್ತು. ಎರಡೂ ಮೋಟಾರ್ ಒಂದೇ ಡಬ್ಬಿಯಿಂದ ತಂದದ್ದು, ಆದರೂ ರೋಬೋ ಮೆಲ್ಲಗೆ ದಾಸವಾಳದ ಕುಂಡದ ಕಡೆ ವಾಲುತ್ತದೆ. ಒಂದೇ ಥರದ ಎರಡು ಮೋಟಾರ್ ಅನ್ನೋದು ಇಲ್ಲವೇ ಇಲ್ಲ. ತಾನೇ ನೇರ ಹೋಗಬೇಕು ಅಂದರೆ ಸುತ್ತು ಎಣಿಸೋ ಎನ್‌ಕೋಡರ್ ಬೇಕು. ನಾನು ಹೆಬ್ಬೆರಳಿನಲ್ಲೇ ಸರಿ ಮಾಡಿಕೊಳ್ಳುತ್ತೇನೆ.

ಈಗ ರೋಬೋ ದಿನಾ ಇಳಿಜಾರು ಹತ್ತಿ ಬಾಗಿಲ ತನಕ ಬರುತ್ತದೆ. ಅಲ್ಲಿ ಹೊಸ್ತಿಲು ಇದೆ, 4 ಸೆಂ.ಮೀ. ಎತ್ತರ. ಹಿಂದಿನಿಂದ ಎಷ್ಟು ತಳ್ಳಿದರೂ ಗಾಲಿ ತನ್ನ ತ್ರಿಜ್ಯಕ್ಕಿಂತ ಎತ್ತರದ ಮೆಟ್ಟಿಲು ಹತ್ತಲ್ಲ, ನನ್ನ ಕ್ಯಾಸ್ಟರಿನ ಗುಂಡು ಗೋಲಿಗಿಂತ ಸ್ವಲ್ಪ ದೊಡ್ಡದು ಅಷ್ಟೇ. ಅದನ್ನು ದಾಟಿಸಬೇಕು ಅಂದರೆ ಮುಂದೆಯೂ ದೊಡ್ಡ ಗಾಲಿ ಬೇಕು, ಅದಕ್ಕೂ ಮೋಟಾರ್ ಬೇಕು, ತಕ್ಕಡಿ ಹಿಡಿದು ಮತ್ತೆ ಮೊದಲಿಂದ ಎಳೆಯಬೇಕು. ಸದ್ಯಕ್ಕೆ ಅದು ಹೊಸ್ತಿಲ ಹೊರಗೆ ನಿಲ್ಲುತ್ತದೆ. ನಾನು ಹಾಸಿಗೆಯಿಂದ ಎದ್ದು ಹೋಗಿ ಹಾಲು ಒಳಗೆ ತರುತ್ತೇನೆ.