ಒರಾಯನ್ ದುಬಾರಿ, ನಿಜ. ಆದರೆ ಜಗಳ ಬರೀ ದುಡ್ಡಿನದ್ದಾ?

ನಮ್ಮದು ಬೈಕಂಪಾಡಿಯಲ್ಲಿ ಬಾಯ್ಲರ್, ಫರ್ನೇಸ್‌ಗಳ ಒಳಗೆ ಬೆಂಕಿ ತಾಳುವ ಲೈನಿಂಗ್ ಹಾಕುವ ಕೆಲಸ. ಗೇರುಬೀಜದ ಫ್ಯಾಕ್ಟರಿ, ಫಿಶ್‌ಮೀಲ್ ಫ್ಯಾಕ್ಟರಿ, ಹೀಗೆ ಕಾರ್ಕಳದಿಂದ ಮಲ್ಪೆಯವರೆಗೆ ಓಡಾಟ. ನಮ್ಮಂಥವರ ನಡುವೆಯೂ ಅಮೆರಿಕದ ಒರಾಯನ್ ನೌಕೆಯ ಮಾತು ಆಗಾಗ ಬರುತ್ತದೆ. “ಒಂದು ಸಲ ಹೋಗಿ ಬರಲಿಕ್ಕೆ ಅಷ್ಟು ದುಡ್ಡಾ ಮಾರಾಯ್ರೆ? ಖಾಸಗಿಯವರಿಗೆ ಕೊಟ್ಟರೆ ಆಗುವುದಿಲ್ವಾ?” ಅಂತ ಒಬ್ಬರು. “ಜನರನ್ನು ಕೂರಿಸಿಕೊಂಡು ಚಂದ್ರನ ತನಕ ಹೋಗುವುದು ಅಗ್ಗಕ್ಕೆ ಆಗ್ತದಾ?” ಅಂತ ಇನ್ನೊಬ್ಬರು.

ಅಮೆರಿಕದ ಸಂಸತ್ತಿನಲ್ಲಿ ನಡೆದದ್ದೂ ಹೆಚ್ಚುಕಡಿಮೆ ಇದೇ ವಾದ. 2006ರಲ್ಲಿ ಒರಾಯನ್ ಗುತ್ತಿಗೆ ಲಾಕ್‌ಹೀಡ್ ಮಾರ್ಟಿನ್ ಕಂಪನಿಗೆ ಸಿಕ್ಕಿತು. 2010ರಲ್ಲಿ ಒಬಾಮಾ ಸರ್ಕಾರ, ಒರಾಯನ್ ಸೇರಿದ್ದ ಇಡೀ ಯೋಜನೆಯನ್ನೇ ಕೈಬಿಡಲು ಹೊರಟಿತು. ಸಂಸತ್ತು ನೌಕೆಯನ್ನು ಉಳಿಸಿತು. 2025ರಲ್ಲಿ ಟ್ರಂಪ್ ಸರ್ಕಾರ, ಚಂದ್ರನತ್ತ ಜನರನ್ನು ಕಳಿಸುವ ಆರ್ಟೆಮಿಸ್ ಯೋಜನೆಯ ಮೂರನೇ ಹಾರಾಟ (ಆರ್ಟೆಮಿಸ್ 3) ಮುಗಿದ ಮೇಲೆ ಒರಾಯನ್ ಹೊತ್ತೊಯ್ಯುವ ರಾಕೆಟ್ಟೂ ಬೇಡ, ಒರಾಯನ್ನೂ ಬೇಡ ಎಂದಿತು. ಸಂಸತ್ತು ಮತ್ತೆ ದುಡ್ಡು ಹಾಕಿತು. ಖರ್ಚು ಎಷ್ಟು ಅಂದರೆ, ರಾಕೆಟ್, ನೌಕೆ ಎಲ್ಲ ಸೇರಿ ಮೊದಲ ನಾಲ್ಕು ಹಾರಾಟಗಳಿಗೆ ತಲಾ 410 ಕೋಟಿ ಡಾಲರ್ ಎಂದು ನಾಸಾದ ಲೆಕ್ಕ, ಕೆಲಸ ಎಲ್ಲ ತಪಾಸಣೆ ಮಾಡುವ ಇನ್‌ಸ್ಪೆಕ್ಟರ್ ಜನರಲ್ ಅವರೇ 2022ರಲ್ಲಿ ಸಂಸತ್ತಿನ ಮುಂದೆ ಹೇಳಿದರು. ಆಗಿನ ದರದಲ್ಲಿ 30,000 ಕೋಟಿ ರೂಪಾಯಿಗೂ ಜಾಸ್ತಿ. ನಮ್ಮ ಗಗನಯಾನದ ಇಡೀ ಬಜೆಟ್ಟೇ 20,193 ಕೋಟಿ.

ಈ ಅಂಕಿ ನೋಡಿ ಬಾಯಿ ಬಿಡುವುದು ಸಹಜ. ನನಗೆ ಚಿಂತೆಯಾಗುವುದು ಬೇರೆ ಕಡೆ. ದುಬಾರಿಯಾದದ್ದು ಅಪರೂಪಕ್ಕೆ ಹಾರುತ್ತದೆ. ಅಪರೂಪಕ್ಕೆ ಹಾರುವುದರ ಹುಳುಕು ತಡವಾಗಿ ಗೊತ್ತಾಗುತ್ತದೆ. ಒರಾಯನ್‌ನ ತಳದಲ್ಲಿರುವ ಶಾಖ ಕವಚದಲ್ಲಿ ಆದದ್ದು ಇದೇ.

ಬಾಹ್ಯಾಕಾಶ ನಿಲ್ದಾಣದಿಂದ ಬರುವವರು ಗಂಟೆಗೆ ಸುಮಾರು 28,000 ಕಿ.ಮೀ. ವೇಗದಲ್ಲಿ ವಾತಾವರಣಕ್ಕೆ ನುಗ್ಗುತ್ತಾರೆ. ಚಂದ್ರನಿಂದ ಬರುವವರದ್ದು ಸುಮಾರು 40,000. ಅಂಥ ದೊಡ್ಡ ವ್ಯತ್ಯಾಸ ಅಲ್ಲ ಅನಿಸಬಹುದು. ಆದರೆ ಶಕ್ತಿ ವೇಗದ ವರ್ಗಕ್ಕೆ ತಕ್ಕ ಹಾಗೆ ಏರುತ್ತದೆ. ಹಾಗಾಗಿ ಪ್ರತಿ ಕಿಲೋ ತೂಕಕ್ಕೆ ಇಳಿಸಿಕೊಳ್ಳಬೇಕಾದ ಶಕ್ತಿ ಎರಡು ಪಟ್ಟು. ಅದನ್ನು ತಡೆಯುವುದು ಐದು ಮೀಟರ್ ಅಗಲದ ಕವಚ, ಅದರ ಮೇಲೆ ಆವ್‌ಕೋಟ್ ಎಂಬ ವಸ್ತು. ನಮ್ಮ ಲೈನಿಂಗ್ ವರ್ಷಗಟ್ಟಲೆ ಉಳಿಯಬೇಕು. ಇದು ಸುಟ್ಟು ಕರಿಯಾಗುತ್ತಾ, ಗ್ಯಾಸ್ ಬಿಡುತ್ತಾ, ತಾನು ಸವೆದು ಒಳಗಿನವರನ್ನು ಕಾಯಬೇಕು.

ಅಪೊಲೊ ಕಾಲದಲ್ಲಿ ಜೇನುಗೂಡಿನಂಥ ಚೌಕಟ್ಟಿನ ಮೂರು ಲಕ್ಷಕ್ಕೂ ಹೆಚ್ಚು ಕೋಣೆಗಳಿಗೆ ಆವ್‌ಕೋಟನ್ನು ಒಂದೊಂದಾಗಿ, ಕೈಯಲ್ಲೇ ತುಂಬುತ್ತಿದ್ದರು. 2014ರ ಡಿಸೆಂಬರ್ 5ರಂದು ಹಾರಿದ ಒರಾಯನ್‌ಗೂ ಇದೇ ರೀತಿ. ಆಮೇಲೆ ಕೆಲಸ ಬೇಗ ಆಗಲೆಂದು ದೊಡ್ಡ ದೊಡ್ಡ ಬ್ಲಾಕ್ ಮಾಡಿ ಅಂಟಿಸುವ ಪದ್ಧತಿಗೆ ಹೋದರು. ಆ ಬ್ಲಾಕ್‌ಗಳು ಮೊದಲ ಬಾರಿ ಚಂದ್ರನಿಂದ ಮರಳಿದ್ದು 2022ರ ಡಿಸೆಂಬರ್ 11ಕ್ಕೆ, ಆರ್ಟೆಮಿಸ್ 1ರಲ್ಲಿ. ನೂರಕ್ಕೂ ಹೆಚ್ಚು ಕಡೆ ಚಕ್ಕೆ ಎದ್ದುಹೋಗಿತ್ತು. ಒಳಗೆ ಜನ ಇರಲಿಲ್ಲ. ಇದ್ದಿದ್ದರೂ ಏನೂ ಆಗುತ್ತಿರಲಿಲ್ಲ ಎನ್ನುತ್ತದೆ ನಾಸಾ. ಕ್ಯಾಬಿನ್ ತಂಪಾಗಿಯೇ ಇತ್ತು, ಅದೂ ನಿಜ.

ಚಕ್ಕೆ ಏಳುವುದು ನಮಗೆ ಹೊಸದಲ್ಲ. ಬಾಯ್ಲರ್ ಗೋಡೆಗೆ ಕ್ಯಾಸ್ಟೇಬಲ್, ಅಂದರೆ ಬೆಂಕಿ ತಾಳುವ ಕಾಂಕ್ರೀಟ್, ಹಾಕುವುದು ನೀರು ಕಲೆಸಿ. ಆ ನೀರು ನಿಧಾನವಾಗಿ ಹೊರಹೋಗಬೇಕು. 110-120 ಡಿಗ್ರಿಯಲ್ಲಿ ಗಂಟೆಗಟ್ಟಲೆ ನಿಲ್ಲಿಸಿ, ಆಮೇಲೆ ಗಂಟೆಗೆ 25-30 ಡಿಗ್ರಿಯಂತೆ ಏರಿಸಿ ಅಂತ ಬರೆದೇ ಕೊಡುತ್ತೇವೆ. ಸೀಸನ್ ಶುರುವಾಗಿದೆ, ಲಾರಿ ಬಂದು ನಿಂತಿದೆ ಅಂತ ಮಾಲೀಕರು ಒಮ್ಮೆಲೇ ಉರಿ ಏರಿಸುತ್ತಾರೆ. ಒಳಗಿಂದ ಢಬ್ ಢಬ್ ಸದ್ದು. ಆರಿದ ಮೇಲೆ ಟಾರ್ಚ್ ಹಾಕಿ ನೋಡಿದರೆ ಅಂಗೈ ಅಗಲದ ಚಕ್ಕೆಗಳು ಕೆಳಗೆ ಬಿದ್ದಿರುತ್ತವೆ. ಒಳಗಿನ ಆವಿಗೆ ದಾರಿ ಸಿಗಲಿಲ್ಲ, ಅಷ್ಟೇ. ಅದಕ್ಕೇ ಈಗ ಮಿಶ್ರಣಕ್ಕೆ ಕೂದಲಿನಂಥ ಪಾಲಿಪ್ರೊಪಿಲೀನ್ ನಾರು ಸೇರಿಸುತ್ತೇವೆ. ಅದು 160-170 ಡಿಗ್ರಿಗೆ ಕರಗಿ ಸಣ್ಣ ಸಣ್ಣ ದಾರಿ ಬಿಡುತ್ತದೆ.

ಒರಾಯನ್‌ನಲ್ಲೂ ಕಾರಣ ಇದೇ ಜಾತಿಯದ್ದು ಎಂದು 2024ರ ಡಿಸೆಂಬರ್‌ನಲ್ಲಿ ನಾಸಾ ಹೇಳಿತು. ಆವ್‌ಕೋಟ್ ಒಳಗೆ ಹುಟ್ಟಿದ ಗ್ಯಾಸ್ ಹೊರಬರಲಾಗದೆ ಒತ್ತಡ ಏರಿ ಬಿರುಕು ಬಿಟ್ಟಿತು. ಆದರೆ ನಮ್ಮ ಅನುಭವಕ್ಕೆ ಪೂರಾ ಉಲ್ಟಾ ಒಂದು ಸಂಗತಿ ಇದೆ. ಅಲ್ಲಿ ಕೆಡಿಸಿದ್ದು ಜೋರು ಉರಿಯಲ್ಲ, ನಡುವಿನ ಬಿಡುವು. ನೌಕೆ ಒಮ್ಮೆ ವಾತಾವರಣಕ್ಕೆ ಮುಳುಗಿ, ಮೇಲೆದ್ದು, ಮತ್ತೆ ಮುಳುಗುವ ದಾರಿ ಹಿಡಿದಿತ್ತು. ಮೇಲೆದ್ದ ಹೊತ್ತಿನಲ್ಲಿ ಹೊರಗಿನ ಶಾಖ ಇಳಿಯಿತು. ಗ್ಯಾಸ್‌ಗೆ ದಾರಿ ಬಿಡುವ ಕರಿ ಪದರ ಬೆಳೆಯುವುದು ನಿಧಾನವಾಯಿತು. ಒಳಗೆ ಉಳಿದ ಕಾವು ಮಾತ್ರ ಗ್ಯಾಸ್ ಹುಟ್ಟಿಸುತ್ತಲೇ ಇತ್ತು. ಭೂಮಿಯ ಮೇಲಿನ ಪರೀಕ್ಷೆಯಲ್ಲಿ ಇದಕ್ಕಿಂತ ಹೆಚ್ಚು ಶಾಖ ಕೊಟ್ಟಿದ್ದರು. ಕರಿ ಪದರ ಬೇಗ ಕಟ್ಟಿತು, ಗ್ಯಾಸ್ ಸಲೀಸಾಗಿ ಹೊರಬಂತು, ಎಲ್ಲ ಪಾಸ್! ಪರೀಕ್ಷೆ ಗಟ್ಟಿಯಾದಷ್ಟೂ ಒಳ್ಳೆಯದು ಅಂತ ನಂಬಿದ ನಮ್ಮಂಥವರು ಇದನ್ನು ಎರಡೆರಡು ಸಲ ಓದಬೇಕು.

ಜನರನ್ನು ಕೂರಿಸುವ ಮೊದಲ ಹಾರಾಟವಾದ ಆರ್ಟೆಮಿಸ್ 2ಕ್ಕೆ ಕವಚ ಬದಲಿಸುವುದಿಲ್ಲ, ಇಳಿಯುವ ದಾರಿ ಬದಲಿಸುತ್ತೇವೆ ಎಂದು ನಾಸಾ ತೀರ್ಮಾನಿಸಿತು. ಮಾಜಿ ಗಗನಯಾತ್ರಿ ಚಾರ್ಲ್ಸ್ ಕಮಾರ್ಡಾ ಅಂಥವರು ಬಹಿರಂಗವಾಗಿಯೇ ವಿರೋಧಿಸಿದರು. ಕೆಲಸದ ರೀತಿ ನೋಡಿದರೆ ನಾಸಾದ ತೀರ್ಮಾನ ಅಸಂಬದ್ಧವೇನಲ್ಲ. ಸೀಸನ್ ಮಧ್ಯೆ ಲೈನಿಂಗ್ ಬಿರುಕು ಕಂಡರೆ ನಾವೂ ಉರಿ ಏರಿಳಿಸಬೇಡಿ, ಮುಂದಿನ ಶಟ್‌ಡೌನ್ ತನಕ ಹೀಗೇ ನಡೆಸಿ ಅನ್ನುತ್ತೇವೆ. ಆದರೆ ಅದನ್ನು ಹೇಳುವ ಧೈರ್ಯ ಬರುವುದು ಅಂಥದ್ದೇ ಬಿರುಕನ್ನು ಎಷ್ಟೋ ಬಾಯ್ಲರ್‌ಗಳಲ್ಲಿ ಕಂಡಿರುವುದರಿಂದ. ನಾಸಾ ಈ ತೀರ್ಮಾನ ಮಾಡುವಾಗ ಆ ಬ್ಲಾಕ್ ಕವಚ ಹಾರಿದ್ದು ಒಂದೇ ಸಲ. ಮುಂದಿನ ನೌಕೆಗೆ ಗ್ಯಾಸ್ ಸರಾಗವಾಗಿ ಬಿಡುವ ಆವ್‌ಕೋಟ್, ಅಂದರೆ ಮತ್ತೆ ಹೊಸತು. ಹಾರಾಟ ಅಗ್ಗವಾಗಿದ್ದರೆ ಜನ ಇಲ್ಲದೆ ಇನ್ನೆರಡು ಸಲ ಕಳಿಸಿ ನೋಡಬಹುದಿತ್ತು, ಅಲ್ವಾ?

ಇಸ್ರೊವನ್ನು ಮುನ್ನಡೆಸಿದ ಯು.ಆರ್. ರಾವ್ ಹುಟ್ಟಿದ ಅದಮಾರು ಇರುವುದು ನಮ್ಮ ಉಡುಪಿ ಜಿಲ್ಲೆಯಲ್ಲೇ. ಆ ಅಭಿಮಾನದಲ್ಲಿ 2040ಕ್ಕೆ ನಮ್ಮವರು ಚಂದ್ರನ ಮೇಲೆ ಎಂದು ಇಲ್ಲೂ ಕುಣಿಯುವವರಿದ್ದಾರೆ. ಕುಣಿಯಲಿ. ಗಗನಯಾನ ಮಾತ್ರ ಭೂಮಿಯ ಹತ್ತಿರದ ಕಕ್ಷೆಯ ವೇಗದ್ದು. ಚಂದ್ರನಿಂದ ಬರುವ ವೇಗವನ್ನು ನಾವು ಮೊದಲು ಎದುರಿಸಬೇಕಿರುವುದು ಚಂದ್ರಯಾನ-4ರಲ್ಲಿ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ 2,104 ಕೋಟಿ ರೂಪಾಯಿಗೆ ಒಪ್ಪಿದ, ಚಂದ್ರನ ಮಣ್ಣು ತರುವ ಯೋಜನೆ ಅದು. ಜನ ಇಲ್ಲ, ನೌಕೆ ಸಣ್ಣದು, ಖರ್ಚೂ ಕಡಿಮೆ. ಎಲ್ಲರ ಕಣ್ಣು ಮಣ್ಣಿನ ಮೇಲೆ ಇರುತ್ತದೆ. ನನಗೆ ಬೇಕಿರುವುದು ಅದನ್ನು ಹೊತ್ತು ತರುವ ಡಬ್ಬಿಯ ತಳ. ಅದನ್ನು ಕೊಯ್ದು, ಎಲ್ಲಿ ಎಷ್ಟು ಸವೆದಿದೆ, ಎಲ್ಲಿ ಬಿರುಕಿದೆ ಎಂದು ನೋಡಬೇಕು. ಒರಾಯನ್ ಕವಚದ ಹತ್ತಿರದ ಫೋಟೊಗಳು ಹೊರಬರಲು ಇನ್‌ಸ್ಪೆಕ್ಟರ್ ಜನರಲ್ ವರದಿಗಾಗಿ 2024ರ ಮೇ ತನಕ ಕಾಯಬೇಕಾಯಿತು. ಇಸ್ರೊ ಅಷ್ಟು ಕಾಯಿಸದೆ ಫೋಟೊ ಸಮೇತ ವರದಿ ಕೊಡಲಿ.