ಹಳೇ ಜೀಪಿಗೆ ಡೀಸೆಲ್ ಎಂಜಿನ್: ಗೇರ್ ಲೆಕ್ಕ ಇಳಿಜಾರಿನಿಂದ ಶುರು ಮಾಡಿ

ಕೊಡಗಿನ ತೋಟಗಳಲ್ಲಿ ಹಳೇ ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸುವುದು ಹೊಸ ವಿಷಯವೇನಲ್ಲ. ಯಾವ ಎಂಜಿನ್ ಅಂತ ಗಂಟೆಗಟ್ಟಲೆ ಮಾತಾಡುತ್ತಾರೆ. ಗೇರ್‌ಬಾಕ್ಸ್ ವಿಷಯ ಬಂದರೆ ಮಾತ್ರ "ಇರೋದೇ ಇರಲಿ ಬಿಡಿ" ಅಂತಾರೆ. ತೊಂದರೆ ಹುಟ್ಟುವುದು ಅಲ್ಲೇ.

ವಿಲ್ಲೀಸ್ ಕಾಲದ ಜೀಪಿನಲ್ಲಿ ಸಾಮಾನ್ಯವಾಗಿ ಇರುವುದು ಮೂರು ಗೇರಿನ ಟಿ-90 ಗೇರ್‌ಬಾಕ್ಸ್. ಅದರ ಮೊದಲ ಗೇರ್ ಅನುಪಾತ ಸುಮಾರು 2.8, ಅಂದರೆ ಎಂಜಿನ್ 2.8 ಸುತ್ತು ತಿರುಗಿದರೆ ಬಾಕ್ಸಿನಿಂದ ಹೊರಬರುವುದು ಒಂದು ಸುತ್ತು; ಮೂರನೆಯದು 1. ಸಿಜೆ-3ಬಿ ಮಾಡೆಲ್ ಆದರೆ ಆಕ್ಸಲ್‌ನೊಳಗಿನ ಕೊನೆಯ ಗೇರ್ ಜೋಡಿ, ಅಂದರೆ ಕ್ರೌನ್ ಪಿನಿಯನ್, ಅನುಪಾತ 5.38. ಚಕ್ರದ ಒಂದು ಸುತ್ತಿಗೆ ಗಾಡಿ 2.25 ಮೀಟರ್ ಹೋಗುತ್ತದೆ ಅಂತಿಟ್ಟುಕೊಳ್ಳಿ. ಮೂರನೇ ಗೇರಿನಲ್ಲಿ ಪೆಟ್ರೋಲ್ ಎಂಜಿನ್ ನಿಮಿಷಕ್ಕೆ 4,000 ಸುತ್ತು ತಿರುಗಿದಾಗ ವೇಗ ಗಂಟೆಗೆ 100 ಕಿ.ಮೀ. ನಮ್ಮ ಕಡೆ ಇಷ್ಟಪಡುವ ನಿಧಾನದ ಡೀಸೆಲ್‌ಗಳು 3,200ರ ಆಸುಪಾಸಿನಲ್ಲೇ ನಿಲ್ಲುತ್ತವೆ. ಅಲ್ಲಿಗೆ 80 ಆಯಿತು. ಆರಾಮಾಗಿ 2,400ರಲ್ಲಿ ಓಡಿಸಿದರೆ ಬರೀ 60. ಕುಶಾಲನಗರ ದಾಟಿ ಮೈಸೂರು ರಸ್ತೆ ಹಿಡಿದರೆ ಹಿಂದಿನ ಬಸ್ಸಿನವರು ಹಾರ್ನ್ ಒತ್ತದೆ ಬಿಡುತ್ತಾರಾ?

ಇದಕ್ಕೆ ಎಲ್ಲರೂ ಹೇಳುವ ಮದ್ದು ಕ್ರೌನ್ ಬದಲಿಸುವುದು. 4.27 ಹಾಕಿದರೆ ಅದೇ 3,200ಕ್ಕೆ 100 ಸಿಗುತ್ತದೆ, ನಿಜ. ಆದರೆ ಕ್ರೌನ್ ಎಲ್ಲ ಗೇರಿಗೂ ಒಂದೇ ಅಲ್ವಾ? ಮೊದಲ ಗೇರಿನ ಬಲದಲ್ಲೂ ಐದರಲ್ಲಿ ಒಂದು ಪಾಲು ಹೋಗುತ್ತದೆ. ಜೊತೆಗೆ ಮುಂದಿನ ಆಕ್ಸಲ್‌ನದ್ದೂ ಬದಲಿಸಬೇಕು. ಹಿಂದಿನದನ್ನು ಮಾತ್ರ ಬದಲಿಸಿ ಫೋರ್ ವೀಲ್ ಹಾಕಿದರೆ ಎರಡೂ ಆಕ್ಸಲ್ ಜಗ್ಗಾಡಿ ಯಾವುದೋ ಒಂದು ಕಡೆ ಮುರಿಯುವುದು ಖಂಡಿತ.

ಈಗ ಏರು ನೋಡೋಣ. ಗೊಬ್ಬರದ ಚೀಲ ಸೇರಿ ಗಾಡಿ 1,500 ಕೆ.ಜಿ., ರಸ್ತೆ ನಾಲ್ಕು ಮೀಟರಿಗೆ ಒಂದು ಮೀಟರ್ ಏರುತ್ತದೆ. ಆಗ ಗಾಡಿಯನ್ನು ಹಿಂದಕ್ಕೆ ಎಳೆಯುವ ಬಲ 360 ಕೆ.ಜಿ.ಯಷ್ಟು. ಕೆಸರಿಲ್ಲದಿದ್ದರೆ ಹಳೇ ಮೊದಲ ಗೇರಿನಲ್ಲೇ ಸಾಧಾರಣ ಡೀಸೆಲ್ ಹತ್ತಿಬಿಡುತ್ತದೆ. ಕೆಸರಿದ್ದರೆ ಟ್ರಾನ್ಸ್‌ಫರ್ ಕೇಸಿನ (ಎರಡೂ ಆಕ್ಸಲ್‌ಗೆ ಬಲ ಹಂಚುವ ಪೆಟ್ಟಿಗೆ) ಲೋ ಗೇರ್ ಇದೆ, ಅದು ಬಲವನ್ನು ಇನ್ನೂ 2.46 ಪಟ್ಟು ಮಾಡುತ್ತದೆ. ಹತ್ತುವ ಚಿಂತೆ ಜಾಸ್ತಿ ಬೇಡ.

ಇಳಿಯುವಾಗ ಅದೇ 360 ಕೆ.ಜಿ. ಹಿಂದಿನಿಂದ ತಳ್ಳುತ್ತದೆ. "ಡೀಸೆಲ್ ಕಂಪ್ರೆಷನ್ ಜಾಸ್ತಿ, ಎಂಜಿನ್ನೇ ಹಿಡಿದು ನಿಲ್ಲಿಸುತ್ತೆ" ಅನ್ನುವವರು ಬಹಳ. ಇದು ಅರ್ಧ ಸತ್ಯವೂ ಅಲ್ಲ. ಪೆಟ್ರೋಲ್ ಎಂಜಿನ್ನಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಗಾಳಿಯ ದಾರಿಯಲ್ಲಿರುವ ಥ್ರಾಟಲ್ ತಟ್ಟೆ ಮುಚ್ಚುತ್ತದೆ. ಪಿಸ್ಟನ್ ಮುಚ್ಚಿದ ಬಾಗಿಲಿನ ವಿರುದ್ಧ ಗಾಳಿ ಎಳೆಯಬೇಕು. ಆ ಕಷ್ಟವೇ ಬ್ರೇಕ್. ಹಳೇ ಡೀಸೆಲ್‌ಗಳಲ್ಲಿ ಬಹುಪಾಲು ಈ ತಟ್ಟೆಯೇ ಇರುವುದಿಲ್ಲ. ಗಾಳಿ ಪೂರ್ತಿ ಒಳಗೆ ಬರುತ್ತದೆ, ಗಟ್ಟಿಯಾಗಿ ಒತ್ತಿಸಿಕೊಳ್ಳುತ್ತದೆ. ಆಮೇಲೆ ಸ್ಪ್ರಿಂಗಿನ ಹಾಗೆ ಪಿಸ್ಟನ್ನನ್ನು ವಾಪಸ್ ತಳ್ಳುತ್ತದೆ. ತೆಗೆದುಕೊಂಡದ್ದರಲ್ಲಿ ಬಹುಪಾಲು ಹಿಂದಿರುಗಿಸಿದ ಮೇಲೆ ಬ್ರೇಕ್ ಎಲ್ಲಿಂದ ಬರಬೇಕು? ಉಳಿಯುವುದು ಎಂಜಿನ್ನಿನ ಉಜ್ಜಾಟ, ಸ್ವಲ್ಪ ಶಾಖ. ಸಂಪಾಜೆ ಘಾಟಿ ಇಳಿಯುವ ಲಾರಿಗಳಿಗೆ ಹೊಗೆಯ ದಾರಿ ಮುಚ್ಚಿ ಎಂಜಿನ್ನನ್ನು ತಡೆಯುವ ಎಗ್ಸಾಸ್ಟ್ ಬ್ರೇಕ್ ಇರುವುದು ಇದೇ ಕಾರಣಕ್ಕೆ.

ಜೀಪಿಗೆ ಅದಿಲ್ಲ. ಇರುವ ಅಲ್ಪ ಹಿಡಿತವನ್ನು ಗೇರ್‌ಗಳೇ ಹೆಚ್ಚಿಸಬೇಕು. ಆಟಿ ಮಳೆಯಲ್ಲಿ ಮಾಂದಲಪಟ್ಟಿಯಿಂದ ಇಳಿಯುವಾಗ ನೆನೆದ ಡ್ರಮ್ ಬ್ರೇಕ್ ನಂಬುವ ಹಾಗಿಲ್ಲ. ಲೋ ಹಾಕಿ ಮೊದಲ ಗೇರಿನಲ್ಲಿ 800 ಸುತ್ತಿಗೆ ಟಿ-90 ಗಂಟೆಗೆ ಸುಮಾರು 3 ಕಿ.ಮೀ. ಹೋಗುತ್ತದೆ. ಮೊದಲ ಗೇರ್ 4ರ ಹತ್ತಿರ ಇರುವ ಬಾಕ್ಸ್ ಆದರೆ 2. ಎಂಜಿನ್ ಹಿಡಿತವೂ ಚಕ್ರದಲ್ಲಿ 1.4 ಪಟ್ಟು.

ಹಾಗಾಗಿ ನನ್ನ ಮತ ಐದು ಗೇರಿನ ಬಾಕ್ಸಿಗೆ. ಮೊದಲನೆಯದು 4, ಐದನೆಯದು 0.85ರ ಹತ್ತಿರ, ಕ್ರೌನ್ ಹಳೇ 5.38ಯೇ. ಆಗ 2,400 ಸುತ್ತಿಗೆ 70 ಸಿಗುತ್ತದೆ. ಡೀಸೆಲ್ ಚೆನ್ನಾಗಿ ಎಳೆಯುವ ಸುತ್ತುಗಳ ವ್ಯಾಪ್ತಿ ಕಿರಿದು. ಹೆಚ್ಚು ಮೆಟ್ಟಿಲು ಅದಕ್ಕೆ ಬೇಕೇ ಬೇಕು.

ಖರೀದಿಗೆ ಮುಂಚೆ ಟೇಪ್ ಹಿಡಿದು ಅಳೆಯಿರಿ. ಜೀಪಿನ ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಆಕ್ಸಲ್ ನಡುವಿನ ಅಂತರ, 80 ಇಂಚು ಮಾತ್ರ. ಉದ್ದದ ಬಾಕ್ಸ್ ಕೂತರೆ ಹಿಂದಿನ ಆಕ್ಸಲ್‌ಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಗಿಡ್ಡವಾಗಿ, ಜಾಯಿಂಟಿನ ಕೋನ ಜಾಸ್ತಿಯಾಗುತ್ತದೆ. ಕ್ಲಚ್ ಪ್ಲೇಟ್ ಸ್ಪ್ರಿಂಗ್ ಇರುವುದೇ ಆಗಬೇಕು. ಡೀಸೆಲ್‌ನ ಒಂದೊಂದು ಹೊಡೆತವೂ ಗೇರ್ ಹಲ್ಲಿಗೆ ನೇರ ಬೀಳಬಾರದು. ಎಂಜಿನ್ನಿಗೂ ಬಾಕ್ಸಿಗೂ ನಡುವೆ ಜೋಡಿಸುವ ಅಡಾಪ್ಟರ್ ಪ್ಲೇಟ್ ಕೂರಿಸಿದ ಮೇಲೆ ಬೆಲ್ ಹೌಸಿಂಗಿನ (ಕ್ಲಚ್ ಮುಚ್ಚುವ ಕವಚ) ಮಧ್ಯದ ತೂತಿಗೆ ಡಯಲ್ ಗೇಜ್ ಹಿಡಿಸಿ ಅಳೆಯಿರಿ. ಆ ತೂತು ಕ್ರ್ಯಾಂಕಿನ ಮಧ್ಯಕ್ಕೆ ಸರಿಯಾಗಿರದಿದ್ದರೆ ಬಾಕ್ಸಿನ ಶಾಫ್ಟಿನ ತುದಿಯನ್ನು ಹಿಡಿಯುವ ಪೈಲಟ್ ಬೇರಿಂಗ್ ಬೇಗ ಕೂಗಲು ಶುರು ಮಾಡುತ್ತದೆ.

ಇನ್ನು ಕಾಗದಪತ್ರ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಎಂಜಿನ್ ಬದಲಾವಣೆಗೆ ಆರ್‌ಟಿಒ ಒಪ್ಪಿಗೆ ಬೇಕು. ಅದನ್ನು ಎಂಜಿನ್ ಇಳಿಸುವ ಮೊದಲೇ ಕೇಳಿ.