ಡೇಟಾಬೇಸ್‌ಗೇ ಗೊತ್ತಿಲ್ಲದ ಪಾಸ್‌ವರ್ಡ್

ಡೇಟಾಬೇಸ್ ನೋಡಿಕೊಳ್ಳುತ್ತಿದ್ದವರು ಕೆಲಸ ಬಿಟ್ಟು ಹೋಗಿರುತ್ತಾರೆ. ಅಡ್ಮಿನ್ ಪಾಸ್‌ವರ್ಡ್ ಯಾರ ಬಳಿಯೂ ಇರುವುದಿಲ್ಲ. ಫೋನ್ ಮಾಡಿದರೆ ಅವರಿಗೂ ನೆನಪಿಲ್ಲ. ಆಗ ಕಚೇರಿಯಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಅದು ಒಳಗೆ ಎಲ್ಲೋ ಇರಲೇಬೇಕಲ್ವಾ? ಹುಡುಕಿ ಕೊಡೋ ಸಾಫ್ಟ್‌ವೇರ್ ಇದೆಯಂತೆ, ಡೌನ್‌ಲೋಡ್ ಮಾಡಿ."

ಬೇಡ, ಮಾಡಬೇಡಿ. ಒಳಗೆ ಪಾಸ್‌ವರ್ಡ್ ಇಲ್ಲ. ಇರುವುದು ಅದರಿಂದ ಲೆಕ್ಕ ಹಾಕಿ ತೆಗೆದ ಒಂದು ಗುರುತು ಮಾತ್ರ. ಅದಕ್ಕೆ ಹ್ಯಾಶ್ ಎನ್ನುತ್ತಾರೆ. ನೀವು ಟೈಪ್ ಮಾಡಿದ್ದನ್ನು ಡೇಟಾಬೇಸ್ ಅದೇ ಲೆಕ್ಕಕ್ಕೆ ಹಾಕುತ್ತದೆ. ಬಂದ ಉತ್ತರ ಹಳೆಯ ಗುರುತಿಗೆ ಹೊಂದಿದರೆ ಒಳಗೆ ಬಿಡುತ್ತದೆ. ನಿಮ್ಮ ಪಾಸ್‌ವರ್ಡ್ ಏನು ಅಂತ ಅದಕ್ಕೇ ಗೊತ್ತಿಲ್ಲ!

ಇದು ಹೇಗೆ ಸಾಧ್ಯ? ಒಂದು ಪುಟ್ಟ ಲೆಕ್ಕ ಮಾಡೋಣ. 4729ನ್ನು ಅದರಿಂದಲೇ ಗುಣಿಸಿದರೆ 22363441. ನಡುವಿನ ನಾಲ್ಕು ಅಂಕಿ ಮಾತ್ರ ಇಟ್ಟುಕೊಳ್ಳಿ: 3634. ಉಳಿದದ್ದನ್ನು ಅಳಿಸಿಬಿಡಿ. ಈಗ 3634 ಹಿಡಿದುಕೊಂಡು 4729ಕ್ಕೆ ವಾಪಸ್ ಹೋಗಿ ನೋಡೋಣ. ಆಗುವುದಿಲ್ಲ, ಅಕ್ಕಪಕ್ಕದ ಅಂಕಿಗಳನ್ನು ಎಸೆದಾಗಿದೆ. ಆದರೆ ಯಾರಾದರೂ ಬಂದು "4729" ಎಂದರೆ, ಮತ್ತೆ ಗುಣಿಸಿ ಸರಿಯೋ ತಪ್ಪೋ ಹೇಳಬಹುದು. (ಈ ನಡುವಿನ ಅಂಕಿಗಳ ಆಟವನ್ನು ಗಣಿತಜ್ಞ ಜಾನ್ ವಾನ್ ನಾಯ್ಮನ್ 1940ರ ದಶಕದಲ್ಲಿ ಬೇರೆಯೇ ಕೆಲಸಕ್ಕೆ, ಗೊತ್ತುಗುರಿಯಿಲ್ಲದ ಸಂಖ್ಯೆಗಳನ್ನು ಹುಟ್ಟಿಸಲು, ಬಳಸಿದ್ದರು.)

ನನ್ನ ಲೆಕ್ಕದಲ್ಲಿ ಒಂದು ದೊಡ್ಡ ತೂತಿದೆ. ನಾಲ್ಕು ಅಂಕಿಯ ಸಂಖ್ಯೆಗಳು ಇರುವುದೇ ಹತ್ತು ಸಾವಿರ. ಎಲ್ಲವನ್ನೂ ಗುಣಿಸಿ ನೋಡಲು ಕಂಪ್ಯೂಟರ್‌ಗೆ ಕ್ಷಣ ಸಾಕು. ಜೊತೆಗೆ 4730 ಹಾಕಿದರೆ 3729 ಬರುತ್ತದೆ, ಅಂದರೆ ಹತ್ತಿರದ ಊಹೆಗೆ ಹತ್ತಿರದ ಉತ್ತರ. ನಿಜವಾದ ಹ್ಯಾಶ್‌ಗಳು ಈ ಸುಳಿವನ್ನೂ ಕೊಡುವುದಿಲ್ಲ. ಎಸ್‌ಎಚ್‌ಎ-256 ಎಂಬ ಹ್ಯಾಶ್ ಲೆಕ್ಕಕ್ಕೆ ಒಂದಕ್ಷರ ಬದಲಿಸಿ ಕೊಟ್ಟರೆ ಉತ್ತರದ 256 ಬಿಟ್‌ಗಳಲ್ಲಿ (ಸೊನ್ನೆ ಅಥವಾ ಒಂದು) ಹೆಚ್ಚುಕಡಿಮೆ ಅರ್ಧದಷ್ಟು ತಿರುಗಿಬೀಳುತ್ತವೆ. ಪಾಸ್‌ವರ್ಡ್ ಬಹುತೇಕ ಸರಿಯಿದ್ದು ಒಂದಕ್ಷರ ತಪ್ಪಿದರೂ, ಪೂರ್ತಿ ತಪ್ಪಿದರೂ, ಹೊರಗಿನಿಂದ ಒಂದೇ ಥರ ಕಾಣುತ್ತದೆ.

ಮೊದಲು ಹೀಗಿರಲಿಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ 1960ರ ದಶಕದಲ್ಲಿ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯಿತ್ತು. ಒಂದೇ ಕಂಪ್ಯೂಟರನ್ನು ಹಲವರು ಹಂಚಿಕೊಳ್ಳುತ್ತಿದ್ದರು. ಎಲ್ಲರ ಪಾಸ್‌ವರ್ಡೂ ಒಂದು ಫೈಲಿನಲ್ಲಿ ಸುಮ್ನೆ ಬರೆದಿಟ್ಟ ಹಾಗೆ ಇತ್ತು. 1966ರಲ್ಲಿ ತಾತ್ಕಾಲಿಕ ಫೈಲುಗಳು ಅದಲುಬದಲಾದವು. ದಿನದ ಸಂದೇಶ ಬರಬೇಕಾದ ಜಾಗದಲ್ಲಿ, ಲಾಗಿನ್ ಆದ ಪ್ರತಿಯೊಬ್ಬರಿಗೂ ಎಲ್ಲರ ಪಾಸ್‌ವರ್ಡ್ ಕಾಣಿಸಿತು! ಅದೇ ದಶಕದಲ್ಲಿ ಕೇಂಬ್ರಿಜ್‌ನ ರೋಜರ್ ನೀಡಮ್ ಮತ್ತು ಮೈಕ್ ಗೈ ಒಂದು ದಾರಿ ಕಂಡುಕೊಂಡರು: ಪಾಸ್‌ವರ್ಡ್ ಬದಲು ಹಿಂದಕ್ಕೆ ಓಡಿಸಲಾಗದ ಲೆಕ್ಕದ ಉತ್ತರವನ್ನಷ್ಟೇ ಇಡುವುದು. ಕದ್ದರೂ ಪಾಸ್‌ವರ್ಡ್ ನೇರವಾಗಿ ಸಿಗುವುದಿಲ್ಲ.

ಊಹಿಸುವವರು ಮಾತ್ರ ಸುಮ್ಮನಿರಲಿಲ್ಲ. ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲಿ ತಮ್ಮ ಎರಡು ಉಪಾಯಗಳನ್ನು ವಿವರಿಸಿದರು. ಒಂದು, ಲೆಕ್ಕವನ್ನು 25 ಸಲ ಸುತ್ತಿ ಬೇಕೆಂದೇ ನಿಧಾನ ಮಾಡುವುದು. ಇನ್ನೊಂದು, ಪ್ರತಿ ಪಾಸ್‌ವರ್ಡ್ ಜೊತೆ ಸಾಲ್ಟ್ ಎಂಬ ಚಿಕ್ಕ ಸಂಖ್ಯೆ ಬೆರೆಸುವುದು. ಆಗ ಇಬ್ಬರ ಪಾಸ್‌ವರ್ಡ್ ಒಂದೇ ಆದರೂ ಗುರುತು ಬೇರೆ ಬೇರೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಇವತ್ತಿಗೂ ಇದನ್ನೇ ಮಾಡುತ್ತದೆ, ಸುತ್ತು ಮಾತ್ರ 25ರ ಬದಲು 4096.

ಹಾಗಾದರೆ ಒಳಗೆ ಹೋಗುವುದು ಹೇಗೆ? ಹಳೆಯದನ್ನು ಹುಡುಕುವ ಗೋಜಿಗೇ ಹೋಗಬಾರದು, ಹೊಸದನ್ನು ಬರೆಯಬೇಕು. ಡೇಟಾಬೇಸ್ ಕೂಡ ಕಂಪ್ಯೂಟರಿನಲ್ಲಿ ಓಡುವ ಒಂದು ಪ್ರೋಗ್ರಾಂ ಅಷ್ಟೇ. ಪಾಸ್‌ವರ್ಡ್ ಅದರ ಬಾಗಿಲ ಕಾವಲುಗಾರ. ಸರ್ವರಿನ ಅಡ್ಮಿನ್ ಲಾಗಿನ್ ನಿಮ್ಮ ಕೈಯಲ್ಲಿದ್ದರೆ, ಕಾವಲುಗಾರನಿಗೆ ಅಪ್ಪಣೆ ಕೊಡುವವರು ನೀವೇ. ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್‌ಗೆ 'ಸ್ಕಿಪ್ ಗ್ರ್ಯಾಂಟ್ ಟೇಬಲ್ಸ್' ಎಂದು ಹೇಳಿ ಶುರು ಮಾಡಿದರೆ ಅದು ಯಾರನ್ನೂ ಪಾಸ್‌ವರ್ಡ್ ಕೇಳುವುದಿಲ್ಲ. ಅದಕ್ಕೇ 8.0 ಆವೃತ್ತಿಯಿಂದ ಆ ಹೊತ್ತಿನಲ್ಲಿ ನೆಟ್‌ವರ್ಕ್ ಸಂಪರ್ಕವನ್ನೂ ತಾನೇ ಮುಚ್ಚಿಕೊಳ್ಳುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಯಾರನ್ನು ಹೇಗೆ ಒಳಬಿಡಬೇಕು ಎಂದು ಬರೆದಿರುವ ಒಂದು ಫೈಲ್ ಇದೆ, ಅದರಲ್ಲಿ ಒಂದು ಸಾಲು ಬದಲಿಸಿದರೆ ಸಾಕು. ಮೈಕ್ರೋಸಾಫ್ಟ್‌ನ ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರನ್ನು ಸಿಂಗಲ್ ಯೂಸರ್ ಮೋಡ್‌ನಲ್ಲಿ (ಒಬ್ಬರಿಗೆ ಮಾತ್ರ ಪ್ರವೇಶ) ತೆರೆದರೆ ಆ ಯಂತ್ರದ ಅಡ್ಮಿನ್‌ಗೆ ಪೂರ್ತಿ ಅಧಿಕಾರ ಸಿಗುತ್ತದೆ. ಹೊಸ ಪಾಸ್‌ವರ್ಡ್ ಹಾಕಿದ ಮೇಲೆ ಎಲ್ಲವನ್ನೂ ಮೊದಲಿದ್ದಂತೆ ಮಾಡಬೇಕು. ಇದನ್ನು ಮರೆಯಬೇಡಿ.

ಇಷ್ಟಕ್ಕೂ ಮೊದಲು ಅದೇ ಡೇಟಾಬೇಸ್ ಬಳಸುವ ಬೇರೆ ಪ್ರೋಗ್ರಾಂಗಳ ಸೆಟ್ಟಿಂಗ್ಸ್ ಫೈಲುಗಳನ್ನು ತೆರೆದು ನೋಡಿ. ಅವು ಮನುಷ್ಯರ ಸಹಾಯವಿಲ್ಲದೆ ಲಾಗಿನ್ ಆಗಬೇಕು. ಹಾಗಾಗಿ ಎಷ್ಟೋ ಕಡೆ ಪಾಸ್‌ವರ್ಡ್ ಅಲ್ಲೇ ಇದ್ದ ಹಾಗೇ ಬರೆದಿರುತ್ತದೆ. ಅದು ಅಡ್ಮಿನ್‌ನದೇ ಆಗಿದ್ದರೆ ಕೆಲಸ ಮುಗಿಯಿತು. ಹೊಸದು ಹಾಕುವುದೇ ಆದರೂ ಈ ಫೈಲುಗಳು ಎಲ್ಲಿವೆ ಅಂತ ಗೊತ್ತಿರಬೇಕು. ಇಲ್ಲದಿದ್ದರೆ ರಾತ್ರಿಯ ಬ್ಯಾಕಪ್ ಹಳೆಯ ಪಾಸ್‌ವರ್ಡ್ ಕೊಟ್ಟು ಸದ್ದಿಲ್ಲದೆ ಸೋಲುತ್ತಿರುತ್ತದೆ.

ಇದೆಲ್ಲ ನಡೆಯುವುದು ಪಾಸ್‌ವರ್ಡ್ ಬರೀ ಕಾವಲುಗಾರನಾಗಿದ್ದಾಗ. ಡೇಟಾವನ್ನೇ ಎನ್‌ಕ್ರಿಪ್ಟ್ ಮಾಡಿದ್ದರೆ, ಅಂದರೆ ಬೀಗದಕೈ ಇಲ್ಲದೆ ಓದಲಾಗದಂತೆ ಕಲಸಿಟ್ಟಿದ್ದರೆ, ಕಥೆಯೇ ಬೇರೆ. ಒಂದೇ ಫೈಲಿನಲ್ಲಿ ಇರುವ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸಿನ ಫೈಲಿಗೆ ಪಾಸ್‌ವರ್ಡೇ ಇರುವುದಿಲ್ಲ, ಫೈಲ್ ಸಿಕ್ಕವರು ಓದಬಹುದು. ಅದೇ ಫೈಲನ್ನು ಎನ್‌ಕ್ರಿಪ್ಟ್ ಮಾಡುವ ಎಸ್‌ಕ್ಯೂಎಲ್‌ಸೈಫರ್ ಬಳಸಿ ಮಾಡಿದ್ದರೆ ಪಾಸ್‌ವರ್ಡಿನಿಂದಲೇ ಬೀಗದಕೈ ಹುಟ್ಟುತ್ತದೆ. ಅದರ 4ನೇ ಆವೃತ್ತಿಯಲ್ಲಿ ಸುತ್ತುಗಳ ಸಂಖ್ಯೆ 2,56,000. ಇಲ್ಲಿ ನಿಮ್ಮ ಅಪ್ಪಣೆ ಕೇಳುವ ಕಾವಲುಗಾರನೇ ಇಲ್ಲ. ಸರ್ವರ್ ನಿಮ್ಮದೇ ಆದರೂ, ಡಿಸ್ಕನ್ನೇ ಬಿಚ್ಚಿ ತಂದರೂ, ಊಹೆಯೊಂದೇ ದಾರಿ. ಪಾಸ್‌ವರ್ಡ್ ಉದ್ದವಾಗಿದ್ದು ಯಾರ ಊಹೆಗೂ ನಿಲುಕದಂತಿದ್ದರೆ ಆ ದಾರಿಯೂ ಇಲ್ಲ, ಡೇಟಾ ಹೋದಂತೆಯೇ.